ಬಂಡಾಯ: ನರಗುಂದದ ಕೋಟೆಯಿಂದ ಕ್ರಿಕೆಟ್ ಅಂಗಳದವರೆಗೆ ಒಂದು ಪದದ ಪಯಣ

ಕನ್ನಡ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಹೆಚ್ಚು ದುಡಿದ ಪದಗಳ ಪಟ್ಟಿ ಮಾಡಿದರೆ 'ಬಂಡಾಯ' ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಬ್ರಿಟಿಷರ ವಿರುದ್ಧ ಸಿಡಿದೆದ್ದ ಸಂಸ್ಥಾನಿಕನದೂ ಬಂಡಾಯ, ಕರ ಕೊಡಲೊಲ್ಲೆವೆಂದ ರೈತರದೂ ಬಂಡಾಯ. ಜಾತಿ ವ್ಯವಸ್ಥೆಯನ್ನು ಪ್ರಶ್ನಿಸಿದ ಲೇಖಕರದು ಬಂಡಾಯ ಸಾಹಿತ್ಯ. ಟಿಕೆಟ್ ಕೈತಪ್ಪಿದ ಮುಖಂಡ ಬಂಡಾಯ ಅಭ್ಯರ್ಥಿ. ಮಂಡಳಿಯ ಒಪ್ಪಿಗೆಯಿಲ್ಲದೆ ನಡೆದ ಕ್ರಿಕೆಟ್ ಸರಣಿ ಬಂಡಾಯ ಪ್ರವಾಸ. ಹೀಗೆ ಒಂದೇ ಪದ ನೇಣುಗಂಬವನ್ನೂ ನಾಮಪತ್ರವನ್ನೂ ಒಟ್ಟಿಗೆ ಹೊತ್ತು ನಡೆಯುತ್ತಿದೆ.

ಈ ಪದದ ಚರಿತ್ರೆಗೆ ಗದಗ ಜಿಲ್ಲೆಯೊಂದಿಗೆ ವಿಶೇಷ ನಂಟಿದೆ. ಲಕ್ಷ್ಮೇಶ್ವರ ತಾಲ್ಲೂಕಿನ ಬಾಳೆಹೊಸೂರನ್ನು ನಡುವೆ ಇರಿಸಿಕೊಂಡು ಸುತ್ತಣ ಊರುಗಳತ್ತ ಕಣ್ಣು ಹಾಯಿಸಿದರೆ ಮುಂಡರಗಿ, ಡಂಬಳ, ಹಮ್ಮಿಗಿ, ಶಿರಹಟ್ಟಿ, ಉತ್ತರಕ್ಕೆ ನರಗುಂದ ಕಾಣಸಿಗುತ್ತವೆ. 'ಬಂಡಾಯ'ದ ಬಹುತೇಕ ಎಲ್ಲ ಅರ್ಥಗಳಿಗೂ ಈ ಪರಿಸರದಲ್ಲಿಯೇ ಉದಾಹರಣೆ ದೊರೆಯುತ್ತದೆ ಎಂಬುದು ಗಮನಾರ್ಹ.

ಪದದ ಬೇರು

'ಬಂಡು' ಎಂದರೆ ಆಳುವವರ ವಿರುದ್ಧ ತಿರುಗಿ ಬೀಳುವುದು. 'ಬಂಡೇಳು' ಅದರ ಕ್ರಿಯಾರೂಪ. ಮರಾಠಿಯಲ್ಲಿಯೂ 'ಬಂಡ' ಎಂಬ ಪದ ಇದೇ ಅರ್ಥದಲ್ಲಿ ಬಳಕೆಯಲ್ಲಿದೆ. ಕನ್ನಡದ 'ಬಂಡುಕೋರ'ನಿಗೆ ಮರಾಠಿಯ 'ಬಂಡಖೋರ' ಸಮಾನ. ಇಲ್ಲಿನ 'ಕೋರ' ಪ್ರತ್ಯಯ ಪಾರ್ಸಿ ಮೂಲದ್ದು. 'ಲಂಚಕೋರ', 'ಚಾಡಿಕೋರ' ಪದಗಳಲ್ಲಿಯೂ ಅದೇ ಪ್ರತ್ಯಯವಿದ್ದು, ಅದು ಸೇರಿದ ಪದಕ್ಕೆ ಸಾಮಾನ್ಯವಾಗಿ ಕೆಡುಕಿನ ಛಾಯೆ ಅಂಟಿಕೊಳ್ಳುತ್ತದೆ. ಆದ್ದರಿಂದಲೇ 'ಬಂಡಾಯಗಾರ' ಎಂದಾಗ ಇರುವ ಗೌರವ 'ಬಂಡುಕೋರ' ಎಂದಾಗ ಉಳಿಯುವುದಿಲ್ಲ.

ಕಿವಿಗೆ ಒಂದೇ ಬಗೆಯಾಗಿ ಕೇಳುವ ಬೇರೆ ಪದಗಳೊಂದಿಗೆ ಇದನ್ನು ಬೆರೆಸಬಾರದು. ಅಂಗಡಿ ಮುಂಗಟ್ಟು ಮುಚ್ಚಿಸುವ 'ಬಂದ್' ಪಾರ್ಸಿಯಿಂದ ಬಂದದ್ದು. ಮುಚ್ಚುವುದು, ಕಟ್ಟುವುದು ಎಂಬುದು ಅದರ ಅರ್ಥ. ನಾಚಿಕೆಗೆಟ್ಟವನೆಂಬ ಅರ್ಥದ 'ಭಂಡ' ಮತ್ತೊಂದು ಪದ. ಹಳಗನ್ನಡದ 'ಬಂಡು' ಎಂದರೆ ಹೂವಿನ ಮಕರಂದ. ಅದನ್ನು ಉಣ್ಣುವ ದುಂಬಿ 'ಬಂಡುಣಿ'. ಬಂಡಾಯಕ್ಕೂ ಈ ಮಧುವಿಗೂ ಅರ್ಥದಲ್ಲಿ ಸಂಬಂಧವಿಲ್ಲ.

ಇತಿಹಾಸದಲ್ಲಿ ಬಂಡಾಯ

ಕರ್ನಾಟಕದ ಹತ್ತೊಂಬತ್ತನೆಯ ಶತಮಾನದ ಮೊದಲಾರ್ಧ ಬಂಡಾಯಗಳ ಕಾಲ. ಆದರೆ ಎಲ್ಲ ಘಟನೆಗಳಿಗೂ ಜನ ಇದೇ ಹೆಸರು ಕೊಡಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ ಕಾಳಗವನ್ನು 'ಯುದ್ಧ'ವೆಂದೇ ಕರೆಯುವುದು ರೂಢಿ. ಚೆನ್ನಮ್ಮ ಸಿಂಹಾಸನದ ಪರವಾಗಿ ನಿಂತ ರಾಣಿ, ಅವಳದು ಸಂಸ್ಥಾನದ ಸೈನ್ಯ. ಆ ಬಳಿಕ ಕಾಡು ಹಿಡಿದು ಹೋರಾಡಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನದು ಬಂಡಾಯ. ಅಧಿಕಾರದಲ್ಲಿದ್ದವರು ಕಾದಿದರೆ ಯುದ್ಧ, ಅಧಿಕಾರವಿಲ್ಲದವರು ಕಾದಿದರೆ ಬಂಡಾಯ ಎಂಬ ಭೇದ ಇಲ್ಲಿ ತಾನಾಗಿಯೇ ಮೂಡಿದೆ.

ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿ 1830-31ರಲ್ಲಿ ರೈತರು ಕಂದಾಯದ ಹೊರೆ ಮತ್ತು ಅಧಿಕಾರಿಗಳ ಕಿರುಕುಳದ ವಿರುದ್ಧ ಎದ್ದದ್ದು 'ನಗರ ಬಂಡಾಯ'. ಅದನ್ನೇ ನೆವವಾಗಿಸಿಕೊಂಡು ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡರು. ಅದು ಅರಸು ಮನೆತನಕ್ಕೆ ಮರಳಿದ್ದು 1881ರಲ್ಲಿ. ಇದೇ ಕಾಲದಲ್ಲಿ ಕೆನರಾ ಜಿಲ್ಲೆಯ ರೈತರು ಕಂದಾಯ ಕಟ್ಟದಿರಲು ಗುಂಪುಗೂಡಿದ್ದನ್ನು 'ಕೂಟ'ವೆಂದರು. 1837ರಲ್ಲಿ ಸುಳ್ಯದಿಂದ ಹೊರಟು ಮಂಗಳೂರನ್ನು ಹಿಡಿದ ದಂಡಿನ ಸಾಹಸ ದಕ್ಷಿಣ ಕನ್ನಡದ ನೆನಪಿನಲ್ಲಿ 'ಕಲ್ಯಾಣಪ್ಪನ ಕಾಟಕಾಯಿ' ಎಂದು ಉಳಿಯಿತು. ಒಂದೊಂದು ಸೀಮೆ ತನ್ನ ಸಿಟ್ಟಿಗೆ ತನ್ನದೇ ಹೆಸರಿಟ್ಟುಕೊಂಡಿತ್ತು.

ಉತ್ತರ ಕರ್ನಾಟಕದಲ್ಲಿ ಮಾತ್ರ 'ಬಂಡಾಯ' ಗಟ್ಟಿಯಾಗಿ ನೆಲೆನಿಂತಿತು. 1857ರಲ್ಲಿ ಜಾರಿಗೊಂಡ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನವೆಂಬರ್ ತಿಂಗಳಲ್ಲಿ ತಿರುಗಿಬಿದ್ದರು. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಒಪ್ಪಿಸುವುದು ಅನ್ನವನ್ನೇ ಒಪ್ಪಿಸಿದಂತೆ. ಊರಿಗೆ ಬೆಂಕಿ ಬಿತ್ತು, ಸೆರೆ ಸಿಕ್ಕವರನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಹಾಡಿದ ಲಾವಣಿಯನ್ನು ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ. ದಮನ ಮಾಡಿದ ಸರ್ಕಾರದ ಅಧಿಕಾರಿಯೇ ದಮನಗೊಂಡವರ ಹಾಡನ್ನು ಮುಂದಿನ ತಲೆಮಾರಿಗೆ ಉಳಿಸಿದ್ದು ಚರಿತ್ರೆಯ ವೈಚಿತ್ರ್ಯ.

ಡಂಬಳದಿಂದ ನರಗುಂದಕ್ಕೆ: 1858

ಮರುವರ್ಷದ ಮೇ ತಿಂಗಳಲ್ಲಿ ಬಂಡಾಯದ ಕೇಂದ್ರ ಇಂದಿನ ಗದಗ ಜಿಲ್ಲೆಗೆ ಸರಿಯಿತು. ಅಂದು ಈ ಪ್ರದೇಶ ಒಂದೇ ಆಡಳಿತದಡಿ ಇರಲಿಲ್ಲ. ಗದಗ, ಡಂಬಳ ಕಂಪನಿಯ ಧಾರವಾಡ ಜಿಲ್ಲೆಗೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಪೂರ್ವಕ್ಕೆ ಕೊಪ್ಪಳ ನಿಜಾಮನ ರಾಜ್ಯದಲ್ಲಿತ್ತು.

ಸರ್ಕಾರಿ ಚಾಕರಿ ಮಾಡಿ ಅನುಭವವಿದ್ದ ಮುಂಡರಗಿಯ ಭೀಮರಾಯರು ಹಮ್ಮಿಗಿಯ ಕೆಂಚನಗೌಡರೊಡನೆ ಸೇರಿ ಡಂಬಳದ ಖಜಾನೆಯ ಮೇಲೆ ದಾಳಿ ಮಾಡಿದರು. ಅಲ್ಲಿಂದ ಗಡಿ ದಾಟಿ ಕೊಪ್ಪಳದ ಕೋಟೆಯನ್ನು ವಶಪಡಿಸಿಕೊಂಡರು. ಬ್ರಿಟಿಷ್ ಸೇನೆ ಕೋಟೆಯನ್ನು ಮುತ್ತಿದಾಗ ಇಬ್ಬರೂ ಹೋರಾಡುತ್ತ ಮಡಿದರು.

ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆ ಜನರ ಬಾಯಲ್ಲಿ ಬಾಬಾಸಾಹೇಬ. ಗಂಡು ಸಂತಾನವಿಲ್ಲದ ಅವರು ದತ್ತು ಸ್ವೀಕಾರಕ್ಕೆ ಅನುಮತಿ ಕೋರಿದ್ದರು. ಬ್ರಿಟಿಷ್ ಸರ್ಕಾರ ನಿರಾಕರಿಸಿತ್ತು. ಆಯುಧಗಳನ್ನು ಒಪ್ಪಿಸಬೇಕೆಂಬ ಆದೇಶವೂ ಅದರ ಬೆನ್ನಿಗೇ ಬಂದಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದ ಪಡೆ ಕೊಂದಿತು. ಆತನ ರುಂಡವನ್ನು ನರಗುಂದಕ್ಕೆ ತಂದು ಊರ ಬಾಗಿಲಿಗೆ ತೂಗುಹಾಕಲಾಯಿತು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ತೊರಗಲ್ಲಿನ ಅಡವಿಯಲ್ಲಿ ಸೆರೆಸಿಕ್ಕ ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಬಂಡಾಯ ಮೂರು ವಾರವೂ ಬಾಳಲಿಲ್ಲ. ಅದರ ಹೆಸರು ಮಾತ್ರ ಇಂದಿಗೂ ಊರಿನ ಹೆಸರಿನೊಂದಿಗೆ ಬೆಸೆದುಕೊಂಡಿದೆ.

1857ರ ಘಟನೆಗಳಿಗೆ ಬ್ರಿಟಿಷರು 'ಸಿಪಾಯಿ ದಂಗೆ' ಎಂದು ಹೆಸರಿಟ್ಟರೆ, ರಾಷ್ಟ್ರೀಯವಾದಿಗಳು 'ಪ್ರಥಮ ಸ್ವಾತಂತ್ರ್ಯ ಸಂಗ್ರಾಮ'ವೆಂದು ಕರೆದರು. ನರಗುಂದ ಮತ್ತು ಹಲಗಲಿಯ ಜನ ಈ ಹೆಸರಿನ ಬದಲಾವಣೆಗೆ ಕಾಯಲಿಲ್ಲ. ಸರ್ಕಾರದ ದೃಷ್ಟಿಯಲ್ಲಿ ಅಪರಾಧದ ಹೆಸರಾಗಿದ್ದ 'ಬಂಡಾಯ'ವನ್ನೇ ಅವರು ಹೆಮ್ಮೆಯ ಹೆಸರನ್ನಾಗಿ ಮಾಡಿಕೊಂಡರು. ಮುಂದೆ ಗಾಂಧೀಯುಗದಲ್ಲಿ ಶಸ್ತ್ರವಿಲ್ಲದ ಹೋರಾಟ ಬಂದಾಗ ಅದಕ್ಕೆ 'ಸತ್ಯಾಗ್ರಹ', 'ಚಳವಳಿ' ಎಂಬ ಹೊಸ ಪದಗಳು ಬೇಕಾದವು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನು ಯಾರೂ ಬಂಡಾಯವೆನ್ನಲಿಲ್ಲ.

ರೈತ ಬಂಡಾಯ: 1980

ಸ್ವತಂತ್ರ ಭಾರತದಲ್ಲಿ ಪದ ಮರುಜನ್ಮ ಪಡೆದದ್ದು ಅದೇ ನರಗುಂದದಲ್ಲಿ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಬಳಿಕ ಕಾಲುವೆಯ ಅಚ್ಚುಕಟ್ಟಿನ ರೈತರ ಮೇಲೆ ನೀರಿನ ಕರದ ಜತೆಗೆ ಅಭಿವೃದ್ಧಿ ಕರವನ್ನೂ ಹೇರಲಾಯಿತು. ನೀರಾವರಿಯಿಂದ ಜಮೀನಿನ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಸರ್ಕಾರಕ್ಕೂ ಪಾಲು ಸಲ್ಲಬೇಕು ಎಂಬುದು ಈ ಕರದ ಹಿಂದಿನ ತರ್ಕ. ಆದರೆ ಹಲವು ಹೊಲಗಳಿಗೆ ನೀರೇ ತಲುಪಿರಲಿಲ್ಲ. ಬಾಕಿ ವಸೂಲಿಯ ಒತ್ತಡ ಹೆಚ್ಚುತ್ತಿದ್ದಾಗಲೇ ಹತ್ತಿಯ ಧಾರಣೆಯೂ ಕುಸಿದಿತ್ತು.

1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ರೈತರ ಪ್ರತಿಭಟನೆ ಸ್ಫೋಟಗೊಂಡಿತು. ಪೊಲೀಸರ ಗೋಲಿಬಾರಿಗೆ ನರಗುಂದ ತಾಲ್ಲೂಕಿನ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದ ತಾಲ್ಲೂಕಿನ ಅಳಗವಾಡಿಯ ಬಸಪ್ಪ ಲಕ್ಕುಂಡಿ ಬಲಿಯಾದರು. ನರಗುಂದದಲ್ಲಿ ಉದ್ರಿಕ್ತ ಗುಂಪಿನ ಕೈಗೆ ಸಿಕ್ಕ ಪೊಲೀಸರೂ ಪ್ರಾಣ ಕಳೆದುಕೊಂಡರು. ಆಗ ಆರ್. ಗುಂಡೂರಾವ್ ಮುಖ್ಯಮಂತ್ರಿಗಳಾಗಿದ್ದರು. ಕಿಚ್ಚು ರಾಜ್ಯದಾದ್ಯಂತ ಹರಡಿತು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮುಂತಾದವರ ನೇತೃತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅಧಿಕಾರಕ್ಕೆ ಬರಲು ಕಾರಣವಾದ ಅಂಶಗಳಲ್ಲಿ ಈ ಬಂಡಾಯವೂ ಒಂದು.

ಕುತೂಹಲದ ಸಂಗತಿಯೆಂದರೆ, ನಂತರದ ದಶಕಗಳಲ್ಲಿ ಇದೇ ಜಿಲ್ಲೆಯಲ್ಲಿ ನಡೆದ ದೊಡ್ಡ ಜನಾಂದೋಲನಗಳಿಗೆ ಈ ಪದ ಅಂಟಲಿಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಪರಿಸರದಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಸ್ವಾಧೀನ ಮಾಡುವುದರ ವಿರುದ್ಧ ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿ ನೇತೃತ್ವ ನೀಡಿದ್ದು 'ಹೋರಾಟ'. ಮಹದಾಯಿ ನೀರಿಗಾಗಿ 2015ರಲ್ಲಿ ನರಗುಂದದಲ್ಲಿ ಆರಂಭವಾಗಿ ವರ್ಷಗಟ್ಟಲೆ ನಡೆದ ಧರಣಿಯೂ 'ಹೋರಾಟ'ವೇ. ವರದಿಗಾರರು ನರಗುಂದವನ್ನು 'ಬಂಡಾಯದ ನೆಲ'ವೆಂದು ಬಣ್ಣಿಸುತ್ತಲೇ, ಆ ನೆಲದ ಹೊಸ ಚಳವಳಿಗೆ ಆ ಹೆಸರು ಕೊಡುವುದಿಲ್ಲ. ಜೀವ ತೆತ್ತ ಘಟನೆಗೆ ಮೀಸಲಾದ ಪದವೆಂಬ ಅರಿವು ಇಲ್ಲಿ ಕೆಲಸ ಮಾಡಿರುವಂತಿದೆ.

ಸಾಹಿತ್ಯದಲ್ಲಿ ಬಂಡಾಯ

ರೈತ ಬಂಡಾಯಕ್ಕೆ ಒಂದು ವರ್ಷ ಮೊದಲೇ ಪದ ಸಾಹಿತ್ಯ ಕ್ಷೇತ್ರವನ್ನು ಪ್ರವೇಶಿಸಿತ್ತು. 1979ರ ಧರ್ಮಸ್ಥಳ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಯನ್ನು ಕನ್ನಡ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಇದನ್ನು ಪ್ರತಿಭಟಿಸಿದ ಲೇಖಕರು ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಪ್ರತ್ಯೇಕ ಸಮ್ಮೇಳನ ನಡೆಸಿದರು. ಬರಗೂರು ರಾಮಚಂದ್ರಪ್ಪ, ಡಿ.ಆರ್. ನಾಗರಾಜ್, ಸಿದ್ಧಲಿಂಗಯ್ಯ, ಚೆನ್ನಣ್ಣ ವಾಲೀಕಾರ ಮೊದಲಾದವರು ಈ ಸಂಘಟನೆಯ ಪ್ರಮುಖರು.

ಇಲ್ಲಿ ಪದಕ್ಕೆ ಹೊಸ ಅರ್ಥ ಸೇರಿತು. ಎದುರಾಳಿ ಪರಕೀಯ ಸರ್ಕಾರವಲ್ಲ. ನಮ್ಮದೇ ಸಮಾಜದ ಜಾತಿ, ವರ್ಗ, ಲಿಂಗ ತಾರತಮ್ಯಗಳು. ಆಯುಧ ಕೋವಿಯಲ್ಲ, ಬರವಣಿಗೆ. ಕಾಲಾಂತರದಲ್ಲಿ 'ಬಂಡಾಯ' ಎಂಬುದು ನವೋದಯ, ಪ್ರಗತಿಶೀಲ, ನವ್ಯಗಳ ಬಳಿಕದ ಘಟ್ಟದ ಹೆಸರಾಗಿ ಪಠ್ಯಪುಸ್ತಕ ಸೇರಿತು. 2010ರ ಫೆಬ್ರವರಿಯಲ್ಲಿ ಗದಗಿನಲ್ಲಿ ಜರುಗಿದ 76ನೇ ಸಾಹಿತ್ಯ ಸಮ್ಮೇಳನಕ್ಕೆ ಶೋಷಿತರ ಬದುಕನ್ನು ಕಾದಂಬರಿಯಾಗಿಸಿದ ಡಾ. ಗೀತಾ ನಾಗಭೂಷಣ ಅಧ್ಯಕ್ಷರಾಗಿದ್ದರು. 2016ರ ರಾಯಚೂರು ಸಮ್ಮೇಳನಕ್ಕೆ ಬರಗೂರು ರಾಮಚಂದ್ರಪ್ಪನವರೇ ಅಧ್ಯಕ್ಷರಾದರು. ಯಾವ ವೇದಿಕೆಯ ವಿರುದ್ಧ ಬಂಡಾಯ ಹುಟ್ಟಿತ್ತೋ ಆ ವೇದಿಕೆಯೇ ಅದನ್ನು ಗೌರವಿಸಿತು.

ರಾಜಕಾರಣದಲ್ಲಿ ಬಂಡಾಯ

ಇಂದಿನ ಓದುಗನಿಗೆ ಪದ ಹೆಚ್ಚು ಪರಿಚಿತವಾಗಿರುವುದು ಚುನಾವಣಾ ಸುದ್ದಿಗಳಿಂದ. ಪಕ್ಷವು ಟಿಕೆಟ್ ನಿರಾಕರಿಸಿದಾಗ ಅಧಿಕೃತ ಅಭ್ಯರ್ಥಿಯ ವಿರುದ್ಧ ಸ್ಪರ್ಧಿಸುವ ಅದೇ ಪಕ್ಷದ ಮುಖಂಡ 'ಬಂಡಾಯ ಅಭ್ಯರ್ಥಿ'. ಮತಯಂತ್ರದಲ್ಲಿ ಇಂತಹ ವರ್ಗವಿಲ್ಲ. ಅಲ್ಲಿ ಆತ ಕೇವಲ ಪಕ್ಷೇತರ. 'ಬಂಡಾಯ' ಎಂಬುದು ಮತದಾರರ ಮತ್ತು ಪತ್ರಿಕೆಗಳ ವರ್ಗೀಕರಣ.

ಬಾಳೆಹೊಸೂರು ಸೇರಿರುವ ಶಿರಹಟ್ಟಿ ಮೀಸಲು ವಿಧಾನಸಭಾ ಕ್ಷೇತ್ರವೇ ಇದಕ್ಕೆ ನಿದರ್ಶನ. 2023ರ ಚುನಾವಣೆಯಲ್ಲಿ ಬಿಜೆಪಿಯ ಡಾ. ಚಂದ್ರು ಲಮಾಣಿ ಗೆದ್ದರು. ಕಾಂಗ್ರೆಸ್ ಟಿಕೆಟ್ ದೊರೆಯದೆ ಪಕ್ಷೇತರರಾಗಿ ಕಣಕ್ಕಿಳಿದ ಮಾಜಿ ಶಾಸಕ ರಾಮಕೃಷ್ಣ ದೊಡ್ಡಮನಿ ಎರಡನೇ ಸ್ಥಾನ ಪಡೆದರೆ, ಪಕ್ಷದ ಅಧಿಕೃತ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಇಳಿದರು. ರಾಜ್ಯದಲ್ಲಿ ಕಾಂಗ್ರೆಸ್ ಬಹುಮತ ಪಡೆದ ಚುನಾವಣೆಯಲ್ಲಿಯೇ ಹೀಗಾದದ್ದು ಬಂಡಾಯದ ಶಕ್ತಿಯನ್ನು ತೋರುತ್ತದೆ.

2024ರ ಲೋಕಸಭಾ ಚುನಾವಣೆಯಲ್ಲಿ ಬಾಳೆಹೊಸೂರಿನ ಹೆಸರೂ ರಾಜ್ಯಮಟ್ಟದ ಸುದ್ದಿಯಾಯಿತು. ಬಾಳೆಹೊಸೂರಿನ ದಿಂಗಾಲೇಶ್ವರ ಮಠ ಹಾಗೂ ಶಿರಹಟ್ಟಿಯ ಫಕೀರೇಶ್ವರ ಮಠಗಳ ಫಕೀರ ದಿಂಗಾಲೇಶ್ವರ ಸ್ವಾಮೀಜಿ ನೆರೆಯ ಧಾರವಾಡ ಕ್ಷೇತ್ರದಲ್ಲಿ ಕೇಂದ್ರ ಸಚಿವ ಪ್ರಲ್ಹಾದ ಜೋಶಿ ವಿರುದ್ಧ ಸ್ಪರ್ಧಿಸುವುದಾಗಿ ಘೋಷಿಸಿ, ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿ, ಬಳಿಕ ಹಿಂಪಡೆದರು. ಅವರು ತಮ್ಮ ನಡೆಗೆ ಬಳಸಿದ ಪದ 'ಧರ್ಮಯುದ್ಧ'. ಯಾವ ಪಕ್ಷದ ಟಿಕೆಟ್ ಆಕಾಂಕ್ಷಿಯೂ ಅಲ್ಲದವರ ಸ್ಪರ್ಧೆಯನ್ನು ಕಟ್ಟುನಿಟ್ಟಾಗಿ ಬಂಡಾಯವೆನ್ನಲು ಬರುವುದಿಲ್ಲ. ಬಂಡಾಯಕ್ಕೆ ಮೊದಲು ಒಂದು ನಿಷ್ಠೆ ಇರಬೇಕು. ಅದೇ ಚುನಾವಣೆಯಲ್ಲಿ ಶಿವಮೊಗ್ಗದಲ್ಲಿ ಪಕ್ಷೇತರರಾಗಿ ನಿಂತ ಕೆ.ಎಸ್. ಈಶ್ವರಪ್ಪನವರದು ಆ ಅರ್ಥದಲ್ಲಿ ಪೂರ್ಣ ಬಂಡಾಯ. ಬಿಜೆಪಿ ಅವರನ್ನು ಆರು ವರ್ಷ ಉಚ್ಚಾಟಿಸಿತು, ಅವರು ಸೋತರು.

ಬಂಡಾಯವೆದ್ದವರು ಯಾರೆಂಬುದನ್ನು ನಿರ್ಧರಿಸುವುದು ಹಲವು ಬಾರಿ ಗೆಲುವು. 1969ರ ನವೆಂಬರ್‌ನಲ್ಲಿ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪ ಶಿಸ್ತು ಉಲ್ಲಂಘನೆಗಾಗಿ ಪ್ರಧಾನಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದರು. ಕಾಗದದ ಮೇಲೆ ಇಂದಿರಾ ಬಂಡಾಯಗಾರ್ತಿ. 1971ರ ಚುನಾವಣೆಯ ಬಳಿಕ ಅವರದೇ ನಿಜವಾದ ಕಾಂಗ್ರೆಸ್ ಎನಿಸಿಕೊಂಡಿತು. ಬಿ.ಎಸ್. ಯಡಿಯೂರಪ್ಪ 2012ರಲ್ಲಿ ಬಿಜೆಪಿ ತೊರೆದು ಕಟ್ಟಿದ ಕೆಜೆಪಿ 2013ರಲ್ಲಿ ಗೆದ್ದದ್ದು ಆರು ಸ್ಥಾನ ಮಾತ್ರ. ಆದರೆ ಬಿಜೆಪಿ ಅಧಿಕಾರ ಕಳೆದುಕೊಂಡಿತು, ಮರುವರ್ಷ ಅವರನ್ನು ಮರಳಿ ಕರೆಸಿಕೊಂಡಿತು.

ಗೆದ್ದ ಬಳಿಕ ಏಳುವ ಬಂಡಾಯಕ್ಕೆ ಕಾನೂನಿನ ಕಡಿವಾಣವಿದೆ. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ತೊರೆದ ಅಥವಾ ವಿಪ್ ಉಲ್ಲಂಘಿಸಿದ ಶಾಸಕ ಸ್ಥಾನ ಕಳೆದುಕೊಳ್ಳುತ್ತಾನೆ. ಮೂರನೇ ಒಂದು ಭಾಗದ ಸದಸ್ಯರು ಹೊರಬಂದರೆ ಇದ್ದ ರಿಯಾಯಿತಿಯನ್ನು 2003ರ 91ನೇ ತಿದ್ದುಪಡಿ ತೆಗೆದುಹಾಕಿತು. 2010ರಲ್ಲಿ ಯಡಿಯೂರಪ್ಪ ಸರ್ಕಾರದ ವಿರುದ್ಧ ತಿರುಗಿದ 11 ಬಿಜೆಪಿ ಹಾಗೂ ಐವರು ಪಕ್ಷೇತರ ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. 2019ರಲ್ಲಿ ಮೈತ್ರಿ ಸರ್ಕಾರದ ಪತನಕ್ಕೆ ಕಾರಣರಾದ 17 ಶಾಸಕರ ಅನರ್ಹತೆಯನ್ನು ಕೋರ್ಟ್ ಎತ್ತಿಹಿಡಿಯಿತು, ಆದರೆ ಉಪಚುನಾವಣೆಯಲ್ಲಿ ಸ್ಪರ್ಧಿಸಲು ಅವಕಾಶ ನೀಡಿತು. ಆ ಶಾಸಕರನ್ನು ಪತ್ರಿಕೆಗಳು ಮೊದಲು 'ಅತೃಪ್ತರು' ಎಂದವು, ಬಳಿಕ 'ಅನರ್ಹರು' ಎಂದವು. ಕೊನೆಗೆ ಅವರಲ್ಲಿ ಹಲವರು ಸಚಿವರಾದರು.

ಪದದ ಸುತ್ತ ಬೆಳೆದ ಕ್ರಿಯಾಪದಗಳೂ ಗಮನಿಸತಕ್ಕವು. 1858ರ ಬಂಡಾಯವನ್ನು 'ಹತ್ತಿಕ್ಕಲಾಯಿತು'. ಚುನಾವಣಾ ಬಂಡಾಯ 'ಶಮನ'ಗೊಳ್ಳುತ್ತದೆ. ನಾಮಪತ್ರ ಹಿಂಪಡೆಯುವ ಕೊನೆಯ ದಿನದೊಳಗೆ ನಿಗಮ-ಮಂಡಳಿಯ ಅಧ್ಯಕ್ಷಗಿರಿಯ ಭರವಸೆಯಲ್ಲಿ ಅದು ತಣ್ಣಗಾಗುವುದುಂಟು.

ಕ್ರೀಡೆಯಲ್ಲಿ ಬಂಡಾಯ

ಕ್ರೀಡಾಪುಟದ ಬಂಡಾಯ ಇಂಗ್ಲಿಷಿನ 'ರೆಬೆಲ್' ಪದದ ಅನುವಾದವಾಗಿ ಬಂದದ್ದು. ಚಿತ್ರರಂಗದಲ್ಲಿ ಅಂಬರೀಷ್ ಕೊನೆಯವರೆಗೂ 'ರೆಬೆಲ್ ಸ್ಟಾರ್' ಆಗಿಯೇ ಉಳಿದರು. ಕ್ರಿಕೆಟ್ ವರದಿಗಾರರು ಮಾತ್ರ ಕನ್ನಡದ ಪದವನ್ನೇ ಆರಿಸಿಕೊಂಡರು.

1977ರಲ್ಲಿ ಆಸ್ಟ್ರೇಲಿಯಾದ ಮಾಧ್ಯಮ ಉದ್ಯಮಿ ಕೆರ್ರಿ ಪ್ಯಾಕರ್ ವಿಶ್ವದ ಶ್ರೇಷ್ಠ ಆಟಗಾರರನ್ನು ಸೇರಿಸಿ ಪ್ರತ್ಯೇಕ ಸರಣಿ ನಡೆಸಿದ್ದು ದೊಡ್ಡ ಬಂಡಾಯವೆನಿಸಿತು. ಎರಡೇ ವರ್ಷ ನಡೆದರೂ ಹೊನಲು ಬೆಳಕಿನ ಪಂದ್ಯ, ಬಣ್ಣದ ಉಡುಪು, ಬಿಳಿ ಚೆಂಡುಗಳನ್ನು ಅದು ಬಿಟ್ಟುಹೋಯಿತು.

1982ರಿಂದ 1990ರವರೆಗಿನ ದಕ್ಷಿಣ ಆಫ್ರಿಕಾದ 'ಬಂಡಾಯ ಪ್ರವಾಸ'ಗಳು ಬೇರೆಯೇ ಬಗೆಯವು. ವರ್ಣಭೇದ ನೀತಿಗಾಗಿ ಜಗತ್ತು ಬಹಿಷ್ಕರಿಸಿದ್ದ ದೇಶಕ್ಕೆ ಹಣದ ಆಸೆಯಿಂದ ತಂಡಗಳು ತೆರಳಿದವು. 1982ರಲ್ಲಿ ಗ್ರಹಾಂ ಗೂಚ್ ನಾಯಕತ್ವದ ಇಂಗ್ಲೆಂಡ್ ಆಟಗಾರರಿಗೆ ಮೂರು ವರ್ಷ, ಅದೇ ವರ್ಷ ಹೋದ ಶ್ರೀಲಂಕಾ ಆಟಗಾರರಿಗೆ 25 ವರ್ಷ ನಿಷೇಧ ಬಿತ್ತು. 1983ರಲ್ಲಿ ಹೋದ ವೆಸ್ಟ್ ಇಂಡೀಸ್ ಆಟಗಾರರಿಗೆ ಆಜೀವ ನಿಷೇಧ ವಿಧಿಸಿ, ಮುಂದೆ ತೆರವುಗೊಳಿಸಲಾಯಿತು. ಇಲ್ಲಿ ಪದದ ನೈತಿಕ ದಿಕ್ಕೇ ತಿರುಗಿಹೋಗಿದೆ. ನರಗುಂದದ ಬಂಡಾಯ ಬಲಾಢ್ಯರ ವಿರುದ್ಧ. ಈ ಬಂಡಾಯ ಶೋಷಿತರ ಪರವಾದ ಬಹಿಷ್ಕಾರದ ವಿರುದ್ಧ. ಆಜ್ಞೆ ಮೀರಿದ್ದು ಎರಡಕ್ಕೂ ಸಮಾನವಾದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಭಾರತದಲ್ಲಿ 2007ರ ಇಂಡಿಯನ್ ಕ್ರಿಕೆಟ್ ಲೀಗ್ 'ಬಂಡಾಯ ಲೀಗ್' ಎನಿಸಿತು. ಕಪಿಲ್ ದೇವ್ ಅದರ ಮುಂಚೂಣಿಯಲ್ಲಿದ್ದರು. ಬಿಸಿಸಿಐ ಆಟಗಾರರನ್ನು ನಿಷೇಧಿಸಿ, 2008ರಲ್ಲಿ ಐಪಿಎಲ್ ಆರಂಭಿಸಿ, 2009ರಲ್ಲಿ ಮರಳಿ ಬಂದವರಿಗೆ ಕ್ಷಮಾದಾನ ನೀಡಿತು. ಟೆನಿಸ್‌ನಲ್ಲಿ 2012ರ ಲಂಡನ್ ಒಲಿಂಪಿಕ್ಸ್‌ಗೆ ಲಿಯಾಂಡರ್ ಪೇಸ್ ಜತೆ ಆಡಲು ಮಹೇಶ್ ಭೂಪತಿ ಹಾಗೂ ಕೊಡಗಿನ ರೋಹನ್ ಬೋಪಣ್ಣ ನಿರಾಕರಿಸಿದಾಗ ಅಖಿಲ ಭಾರತ ಟೆನಿಸ್ ಸಂಸ್ಥೆ ಇಬ್ಬರಿಗೂ ಎರಡು ವರ್ಷ ನಿಷೇಧ ವಿಧಿಸಿತು. ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ನೀಡಿತು. 2013ರ ಆರಂಭದಲ್ಲಿ ಸೋಮದೇವ್ ದೇವವರ್ಮನ್ ಸೇರಿದಂತೆ ಪ್ರಮುಖ ಆಟಗಾರರು ಡೇವಿಸ್ ಕಪ್‌ನಿಂದ ಹೊರಗುಳಿದಾಗಲೂ 'ಬಂಡಾಯ'ವೇ ಶೀರ್ಷಿಕೆಯಾಯಿತು. ಆದರೆ 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ದೂರಿನೊಂದಿಗೆ ಕುಳಿತದ್ದು 'ಪ್ರತಿಭಟನೆ', 'ಹೋರಾಟ'. ಹಕ್ಕಿನ ಪ್ರಶ್ನೆ ಬಂದಾಗ ಸುದ್ದಿಮನೆಗಳು ಬೇರೆ ಪದವನ್ನು ಹುಡುಕಿಕೊಂಡವು.

ಪದಗಳ ವ್ಯತ್ಯಾಸ: ಒಂದು ನೋಟ

* ಬಂಡಾಯ: ಇದ್ದ ಅಧೀನತೆ ಅಥವಾ ನಿಷ್ಠೆಯನ್ನು ಬಹಿರಂಗವಾಗಿ ಮುರಿದು ಎದುರು ನಿಲ್ಲುವುದು.
* ದಂಗೆ: ಗುಂಪಿನ ಹಿಂಸಾತ್ಮಕ ಏಳಿಕೆ. ಆಳುವವರ ಕಡತದಲ್ಲಿ ಹೆಚ್ಚು ಬಳಕೆ.
* ಭಿನ್ನಮತ: ಪಕ್ಷ ಅಥವಾ ಸಂಸ್ಥೆಯ ಒಳಗಿದ್ದುಕೊಂಡೇ ತೋರುವ ವಿರೋಧ. ಹೊಸ್ತಿಲು ದಾಟಿದರೆ ಬಂಡಾಯ.
* ಪಕ್ಷಾಂತರ: ಒಂದು ಪಕ್ಷ ಬಿಟ್ಟು ಇನ್ನೊಂದನ್ನು ಸೇರುವುದು. ಬಂಡಾಯವಿಲ್ಲದೆಯೂ ನಡೆಯಬಹುದು.
* ಚಳವಳಿ, ಹೋರಾಟ: ಬೇಡಿಕೆಗಾಗಿ ನಡೆಸುವ ಸಂಘಟಿತ, ದೀರ್ಘಕಾಲಿಕ ಪ್ರಯತ್ನ.

ಪದವೊಂದು ಹಲವು ಅರ್ಥಗಳಿಗೆ ಹಿಗ್ಗುವುದು ಭಾಷೆಯ ಸಹಜ ನಡೆ. ಆದರೆ ಟಿಕೆಟ್ ಸಿಗದ ಸಿಟ್ಟಿಗೂ ಗುಂಡಿಗೆ ಎದೆಯೊಡ್ಡಿದ್ದಕ್ಕೂ ಒಂದೇ ಹೆಸರಾದಾಗ ಎರಡನೆಯದರ ತೂಕ ತಗ್ಗುವ ಅಪಾಯವಿದೆ. ಚುನಾವಣೆ ಮುಗಿದೊಡನೆ ಬಂಡಾಯ ಅಭ್ಯರ್ಥಿಗಳ ಹೆಸರು ಮರೆಯಾಗುತ್ತದೆ. ನರಗುಂದ ಮತ್ತು ನವಲಗುಂದಗಳಲ್ಲಿ ಮಾತ್ರ ಪ್ರತಿ ವರ್ಷ ಜುಲೈ 21ರಂದು ರೈತರು ವೀರಗಲ್ಲಿನ ಮುಂದೆ ಸೇರಿ ಹುತಾತ್ಮ ದಿನ ಆಚರಿಸುತ್ತಾರೆ. ಆ ದಿನದ ಭಾಷಣಗಳಲ್ಲಿ 'ಬಂಡಾಯ' ಎಂಬ ಪದಕ್ಕೆ ವಿವರಣೆ ಬೇಕಾಗುವುದಿಲ್ಲ.